ಎಡಕ್ಕೆ ಎಳೆಯುವ ಬಂದೂಕುಗಳು

ನಾನು ಯಾವುದಾದರೂ ವಸ್ತು ಕೊಳ್ಳಲು ಹೊರಟರೆ ಸುಮ್ಮನೆ ಕೊಂಡು ಬಂದದ್ದೇ ಇಲ್ಲ, ಏನಾದರೊಂದು ಆಗಿಯೇ ಆಗುತ್ತದೆ. ಮಿಕ್ಸಿ ಕೊಂಡಾಗಲೂ ಆಯಿತು, ಮಂಚ ಕೊಂಡಾಗಲೂ ಆಯಿತು. ಬಂದೂಕು ಕೊಳ್ಳುವಾಗ ಆಗದೆ ಇರುತ್ತದೆಯೇ?

ಸರ್ಕಾರಿ ಕಾರ್ಖಾನೆಯೊಂದರ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಮೂವತ್ತಮೂರು ವರ್ಷ ದುಡಿದು ನಿವೃತ್ತನಾದವನು ನಾನು. ತಯಾರಾದ ಭಾಗಗಳನ್ನು ಅಳೆದು, ತಪ್ಪಿದ್ದರೆ ವಾಪಸ್ ಕಳಿಸುವುದು ನನ್ನ ಕೆಲಸ. ಪಾಸ್ ಮಾಡಿದ್ದಕ್ಕಿಂತ ವಾಪಸ್ ಕಳಿಸಿದ್ದೇ ಹೆಚ್ಚು. ನಿವೃತ್ತಿಯಾದ ಮೇಲೆ ಒಂದು ಭಾನುವಾರ ಗೆಳೆಯನೊಬ್ಬ ಕೆ.ಆರ್. ಪುರದ ಆಚೆ ಇರುವ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದ. ಯಂತ್ರ ಗಾಳಿಗೆ ಎಸೆಯುವ ಮಣ್ಣಿನ ಬಿಲ್ಲೆಯನ್ನು ಬಂದೂಕಿನಿಂದ ಹೊಡೆಯಬೇಕು, ಅಷ್ಟೇ ಆಟ. ನಾನು ಒಂದು ಬಿಲ್ಲೆ ಒಡೆದೆ. ಅಲ್ಲಿಂದ ಹುಚ್ಚು ಹಿಡಿಯಿತು.

ಪೊಲೀಸರು ಬಂದದ್ದು

ಲೈಸೆನ್ಸಿಗೆ ಅರ್ಜಿ ಹಾಕಿದ ಮೇಲೆ, ಸಿ.ವಿ. ರಾಮನ್ ನಗರದ ನಮ್ಮ ಮನೆಗೆ ವಿಚಾರಣೆಗೆಂದು ಕಾನ್‌ಸ್ಟೇಬಲ್ ಒಬ್ಬರು ಬಂದರು.

"ಬಂದೂಕು ಯಾಕ್ ಸರ್ ನಿಮ್ಗೆ?"

"ಮಣ್ಣಿನ ಬಿಲ್ಲೆ ಗಾಳಿಗೆ ಎಸೀತಾರೆ. ಅದನ್ನ ಹೊಡೀಬೇಕು."

"ಹೊಡೆದ್ರೆ ಏನ್ ಸಿಗುತ್ತೆ?"

"ಏನೂ ಸಿಗಲ್ಲ. ಇನ್ನೊಂದು ಎಸೀತಾರೆ."

ಅವರು ಬರೆಯುವುದನ್ನು ನಿಲ್ಲಿಸಿ, ಒಳಗೆ ಕಾಫಿ ಸೋಸುತ್ತಿದ್ದ ನನ್ನ ಹೆಂಡತಿಯ ಕಡೆ ಒಮ್ಮೆ ಮರುಕದಿಂದ ನೋಡಿದರು. ಆಮೇಲೆ ನನ್ನ ಗುಣನಡತೆ ಕೇಳಲು ಪಕ್ಕದ ಮನೆಯವರನ್ನು ಕರೆಸಿದರು. ಈ ಮಹಾನುಭಾವರು ಆರು ವರ್ಷದಿಂದ ತಮ್ಮ ಕಾರನ್ನು ನಮ್ಮ ಗೇಟಿಗೆ ಅಡ್ಡ ನಿಲ್ಲಿಸುತ್ತಿದ್ದವರು. ಎಷ್ಟು ಹೇಳಿದರೂ ಕೇಳಿರಲಿಲ್ಲ.

"ಇವರಿಗೆ ಕೋಪ ಗೀಪ ಜಾಸ್ತಿನಾ?" ಎಂದು ಕಾನ್‌ಸ್ಟೇಬಲ್ ಕೇಳಿದರು.

ಪಕ್ಕದ ಮನೆಯವರು ನನ್ನ ಮುಖ ನೋಡಿದರು. "ಇಲ್ಲ ಸರ್. ದೇವರಂಥ ಮನುಷ್ಯ. ಆದ್ರೆ... ಬಂದೂಕು ಯಾವಾಗ ಬರುತ್ತೆ?"

ಲೈಸೆನ್ಸ್ ಬರಲು ಎಷ್ಟೋ ತಿಂಗಳು ಹಿಡಿಯಿತು. ಕಾರು ಮಾತ್ರ ಅವತ್ತು ಸಂಜೆಯೇ ಗೇಟು ಬಿಟ್ಟು ಹೋಯಿತು.

ಹೆಣ್ಣು ನೋಡಿದ್ದು ಯಾರು?

ಕೊನೆಗೂ ಲೈಸೆನ್ಸ್ ಬಂತು. ಇಂಥ ತಾರೀಖಿನೊಳಗೆ ಬಂದೂಕು ಕೊಳ್ಳಬೇಕು ಎಂದು ಅದರಲ್ಲೇ ಬರೆದಿತ್ತು. ತಾರೀಖು ತಪ್ಪಿದರೆ ಮತ್ತೆ ಅರ್ಜಿ, ಮತ್ತೆ ಕಚೇರಿ, ಮತ್ತೆ ಅದೇ ಕಾನ್‌ಸ್ಟೇಬಲ್. ನನಗಿದ್ದದ್ದು ಆರು ವಾರ. ಆರು ವಾರ ಧಾರಾಳವಾಯಿತು ಎಂದುಕೊಂಡೆ.

ಶಿವಾಜಿನಗರದಲ್ಲಿ ತಲೆಮಾರುಗಳಿಂದ ಬಂದೂಕು ಮಾರುವ ಒಂದು ಅಂಗಡಿ ಇದೆ. ಮಾಲೀಕರು ಬಿಳಿ ಗಡ್ಡದ ಹಿರಿಯರು, ಅವರನ್ನು ಎಲ್ಲರೂ ಕರೆಯುವುದು ಸಾಹೇಬರು ಎಂದೇ. ಮೊದಲ ದಿನ ಅವರು ಹನ್ನೆರಡು ಬೋರಿನ ಜೋಡಿ ನಳಿಗೆಯದೊಂದನ್ನು ನನ್ನ ಕೈಗಿತ್ತರು. ಒಂದು ನಳಿಗೆ ಮೇಲೆ, ಒಂದು ಕೆಳಗೆ.

"ಸುಮ್ನೆ ಹೆಗಲಿಗೆ ಇಟ್ಟು ನೋಡಿ ಸಾಬ್. ಕೈಗೆ ಕೂತ್ರೆ ಅದೇ ನಿಮ್ದು."

ಕೈಗೆ ಕೂರುವುದೆಂದರೇನು, ಅದಕ್ಕೊಂದು ಅಳತೆ ಬೇಡವೇ? ನಾನು ಜೇಬಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದೆ. ಅಳೆದೆ, ಮರದ ಹಿಡಿಯ ಗೆರೆ ನೋಡಿದೆ, ಬಿಚ್ಚಿಸಿ ನಳಿಗೆಯ ಒಳಗೆಲ್ಲ ಇಣುಕಿದೆ. ತಪ್ಪು ಸಿಕ್ಕಿತು. ಸಿಗದೆ ಎಲ್ಲಿ ಹೋಗುತ್ತದೆ? ಎರಡು ವಾರದಲ್ಲಿ ಅಂಗಡಿಯ ಏಳು ಬಂದೂಕುಗಳನ್ನು ವಾಪಸ್ ಇಡಿಸಿದೆ.

ಏಳನೆಯದನ್ನು ಬೀರುವಿಗೆ ಸೇರಿಸುತ್ತ ಸಾಹೇಬರು ಕೇಳಿದರು: "ಸಾಬ್, ಬೇಜಾರ್ ಮಾಡ್ಕೋಬೇಡಿ. ನಿಮ್ಗೆ ಶಾದಿ ಆಗಿದ್ಯಾ?"

"ಆಗಿದೆ."

"ಹುಡುಗೀನ ಹೇಗೆ ಒಪ್ಕೊಂಡ್ರಿ?"

"ನಾನೆಲ್ಲಿ ನೋಡಿದ್ದೆ? ನೋಡಿ ಒಪ್ಕೊಂಡು ಬಂದಿದ್ದು ನಮ್ಮಮ್ಮ."

"ಹಾಗಾದ್ರೆ ಮುಂದಿನ ಸಲ ಅಮ್ಮನ್ನೇ ಕರ್ಕೊಂಡ್ ಬನ್ನಿ."

ಮೇಜರ್ ಕುರ್ಚಿ

ಅಂಗಡಿಯಲ್ಲಿ ಕೈಗೆ ಕೂತರೂ ಬಯಲಿನಲ್ಲಿ ಹೇಗೋ ಏನೋ ಎಂದು, ಭಾನುವಾರಗಳಲ್ಲಿ ರೇಂಜಿನ ಸ್ವಂತ ಬಂದೂಕುಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಭಾರದ್ದು, ಹಗುರದ್ದು, ಉದ್ದ ನಳಿಗೆಯದು, ಗಿಡ್ಡದ್ದು. ಎಲ್ಲದರ ಗುಂಡೂ ಬಿಲ್ಲೆಯ ಎಡಕ್ಕೇ ಹೋಯಿತು. ನಾಲ್ಕಕ್ಕೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಎಡಕ್ಕೆ ಎಳೆಯುತ್ತದೆ, ತಿರಸ್ಕೃತ.

ಅಲ್ಲಿಗೆ ನಿವೃತ್ತ ಮೇಜರ್ ಒಬ್ಬರು ಬರುತ್ತಾರೆ. ಹಲಸೂರಿನವರು. ಮೀಸೆಯ ಒಂದು ಕೂದಲೂ ಅಪ್ಪಣೆ ಇಲ್ಲದೆ ಅಲುಗುವುದಿಲ್ಲ. "ಏನ್ರೀ ಇದು, ತಿಂಗಳಾಯ್ತು, ಒಂದು ಗನ್ ಸೆಲೆಕ್ಟ್ ಮಾಡೋಕಾಗಲ್ವಾ? ನಾನು ಹೋದೆ, ನೋಡಿದೆ, ತಗೊಂಡೆ. ಟೆನ್ ಮಿನಿಟ್ಸ್!" ಎಂದರು.

ನನಗೆ ಉರಿಯಿತು. "ಬಂದೂಕೆಲ್ಲ ಎಡಕ್ಕೆ ಎಳೀತಿದೆ ಸರ್, ನಾನೇನ್ ಮಾಡ್ಲಿ?"

ಮೇಜರ್ ತಮ್ಮ ಕುರ್ಚಿ ಎತ್ತಿಕೊಂಡು ನನ್ನ ಬಲಗಡೆಗೆ ಬಂದು ಕೂತರು.

ತಪ್ಪಿದ ಭಾಗ

ಉಳಿದದ್ದು ಎರಡೇ ದಿನ. ಈಗ ನಿಜವಾಗಿಯೂ ಹೆದರಿಕೆಯಾಗಿತ್ತು. ಅಮ್ಮ ತೀರಿಕೊಂಡು ಬಹಳ ವರ್ಷವಾಗಿದ್ದರಿಂದ ಹೆಂಡತಿಯನ್ನೇ ಅಂಗಡಿಗೆ ಕರೆದೊಯ್ದೆ.

ಸಾಹೇಬರು ನನ್ನ ನೋಟ್‌ಬುಕ್ಕನ್ನು ಪೂರ್ತಿ ಓದಿದರು. "ಸಾಬ್, ಫ್ಯಾಕ್ಟ್ರೀಲಿ ಬಂದ ಪೀಸೆಲ್ಲ ಒಂದೇ ಥರ ತಪ್ಪಿದ್ರೆ ಏನ್ ಮಾಡ್ತಿದ್ರಿ?"

"ಪೀಸ್ ಬಿಟ್ಟು, ಅಳೆಯೋ ಗೇಜನ್ನ ಚೆಕ್ ಮಾಡ್ತಿದ್ದೆ," ಎಂದೆ. ಅಂದ ಮೇಲೆ ನೋಟ್‌ಬುಕ್ಕನ್ನು ಮೆಲ್ಲಗೆ ವಾಪಸ್ ಜೇಬಿಗೆ ಹಾಕಿಕೊಂಡೆ.

ಸಾಹೇಬರು ನನಗೆ ಎರಡೂ ಕೈ ಮುಂದೆ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ತಮ್ಮ ಮೂಗು ನೋಡಲು ಹೇಳಿದರು. ನೋಡಿದೆ. "ನಿಮ್ಗೆ ನನ್ನ ಮೂಗು ಕಾಣ್ತಿದೆ. ನನಗೆ ಕಾಣ್ತಿರೋದು ನಿಮ್ಮ ಎಡಗಣ್ಣು. ಇಡೋದು ಬಲಗಡೆ ಹೆಗಲಿಗೆ, ಗುರಿ ನೋಡೋದು ಎಡಗಣ್ಣು. ಮತ್ತೆ ಎಡಕ್ಕೆ ಹೋಗ್ದೆ ಎಲ್ಲಿಗೆ ಹೋಗ್ಬೇಕು? ಮೊದಲ್ನೇ ದಿನ ನಳಿಗೆ ಒಳಗೂ ಎಡಗಣ್ಣಲ್ಲೇ ಇಣುಕಿದ್ರಿ."

ಮೂವತ್ತಮೂರು ವರ್ಷದ ಇನ್ಸ್‌ಪೆಕ್ಷನ್ ಅನುಭವ ಒಂದು ನಿಮಿಷದಲ್ಲಿ ಮಣ್ಣುಪಾಲಾಯಿತು. ನನಗೆ ನಾಚಿಕೆಯಾಯಿತು.

ನನ್ನ ಹೆಂಡತಿ ಗಂಭೀರವಾಗಿ ಕೇಳಿದಳು: "ಸಾಹೇಬ್ರೇ, ಡಿಫೆಕ್ಟ್ ಇದೆ ಅಂತ ಇವ್ರನ್ನ ಈಗ ವಾಪಸ್ ಕೊಡ್ಬಹುದಾ?"

"ಕಷ್ಟ ಅಮ್ಮಾ. ತುಂಬಾ ವರ್ಷ ಬಳಸಿದೀರಿ."

ಮೊದಲ ದಿನ ವಾಪಸ್ ಇಡಿಸಿದ್ದ ಬಂದೂಕನ್ನೇ ಕೊಂಡೆವು. ಕನ್ನಡಕದ ಎಡಗಾಜಿಗೆ ಸಣ್ಣ ಟೇಪಿನ ಚೂರು ಅಂಟಿಸಿಕೊಂಡರೆ ಸಾಕು, ಆ ಕಣ್ಣು ಗುರಿಗೆ ಅಡ್ಡ ಬರುವುದಿಲ್ಲ ಎಂದು ಸಾಹೇಬರು ಹೇಳಿ ಕಳಿಸಿದರು.

ಮೆರೂನ್ ಬಣ್ಣದ್ದು

ಸ್ವಂತ ಬಂದೂಕಿನ ಮೊದಲ ಭಾನುವಾರ ಹೆಂಡತಿಯೂ ರೇಂಜಿಗೆ ಬಂದಳು. ಬಿಸಿಲಿಗೆ ಬೆವರಿ, ಟೇಪು ಎಲ್ಲೋ ಉದುರಿಹೋಗಿತ್ತು, ನನಗೆ ಗೊತ್ತಾಗಲಿಲ್ಲ. ಐದು ಬಿಲ್ಲೆ ಬಂದವು, ಐದೂ ಹಾಗೇ ನೆಲಕ್ಕೆ ಹೋದವು. ಬಂದೂಕಿನ ನಳಿಗೆ ತೆರೆದು ಕೆಳಗಿಟ್ಟು "ಇದೂ ಎಡಕ್ಕೆ..." ಎಂದು ಶುರು ಮಾಡಿದ್ದೆ. ಅಷ್ಟರಲ್ಲಿ ಅವಳು ಬಂದು ನನ್ನ ಕನ್ನಡಕ ಕಿತ್ತುಕೊಂಡು, ಬ್ಯಾಗಿನಿಂದ ಹಣೆಗಿಡುವ ಸ್ಟಿಕ್ಕರಿನ ಹಾಳೆ ತೆಗೆದು, ಮೆರೂನ್ ಬಣ್ಣದ್ದೊಂದನ್ನು ಎಡಗಾಜಿಗೆ ಒತ್ತಿದಳು.

ಆರನೇ ಬಿಲ್ಲೆ ಗಾಳಿಯಲ್ಲೇ ಪುಡಿಯಾಯಿತು. ಏಳನೆಯದೂ. ಇಷ್ಟು ಖುಷಿ ನನಗೆ ನಿವೃತ್ತಿಯ ದಿನವೂ ಆಗಿರಲಿಲ್ಲ. ಯಾರೋ ನಕ್ಕರು. ನಗಲಿ ಬಿಡಿ ಎಂದುಕೊಂಡೆ.

ಮೇಜರ್ ಮಾತ್ರ ನಗಲಿಲ್ಲ. ಸುತ್ತಿನ ಕೊನೆಗೆ, ಅಕ್ಕಪಕ್ಕ ಯಾರೂ ಇಲ್ಲದ್ದು ನೋಡಿಕೊಂಡು, ತಮ್ಮ ಕನ್ನಡಕ ಕೈಯಲ್ಲಿ ಹಿಡಿದು ನನ್ನ ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿದರು. "ಮೇಡಂ, ನಂದೂ ಎರಡು ವರ್ಷದಿಂದ ಎಡಕ್ಕೇ ಹೋಗ್ತಿದೆ. ಯಾರಿಗೂ ಹೇಳಿಲ್ಲ. ಒಂದು ಸಿಗುತ್ತಾ?"

ಅವಳು ಹಾಳೆ ಮುಂದೆ ಹಿಡಿದಳು. ದುಂಡನೆಯವು, ಉದ್ದನೆಯವು, ಕಲ್ಲು ಕೂರಿಸಿದವು. ಮೇಜರ್ ಒಂದರ ಮೇಲೆ ಬೆರಳಿಟ್ಟರು, ತೆಗೆದರು. ಇನ್ನೊಂದರ ಮೇಲೆ ಇಟ್ಟರು, ತೆಗೆದರು. ನಾನು ಗಡಿಯಾರ ನೋಡಿದೆ. ಹತ್ತು ನಿಮಿಷ ದಾಟಿ ಹದಿನೈದಾಗಿತ್ತು.

ಕೊನೆಗೆ ಮೀಸೆ ತಿರುವುತ್ತ ಕೇಳಿದರು: "ಮೇಡಂ, ನನ್ನ ಮುಖಕ್ಕೆ ಯಾವುದು ಒಪ್ಪುತ್ತೆ?"