ಬೋರ್ಡಿನ ಮೇಲಿನ ತಲೆ

ಮೂವತ್ತೊಂದು ವರ್ಷದಿಂದ ಗಾಜಣ್ಣ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುತ್ತಿದ್ದ. ಊರಿನ ಅರ್ಧ ಜನ ಅವನು ಉಜ್ಜಿದ ಗಾಜಿನಲ್ಲೇ ಪೇಪರು ಓದುತ್ತಿದ್ದರು. ಆದರೆ ಅವನ ಮುಖ ನೋಡಿದವರು ಯಾರೂ ಇರಲಿಲ್ಲ. ಹೊಗಳಿಕೆಯೆಲ್ಲ ಮುಂದಿನ ಕೌಂಟರಿನವಳ ಪಾಲಿಗೆ.

ಹೀಗಿರುವಾಗ ಒಂದು ಶನಿವಾರ ಯಜಮಾನರು ಕೋಣೆಗೆ ಇಣುಕಿದರು. "ಅಂಗಡಿ ಮೇಲೆ ಹೊಸ ಬೋರ್ಡು ಹಾಕಿಸ್ತಿದೀನಿ ಕಣಯ್ಯಾ. ಕನ್ನಡಕ ಹಾಕ್ಕೊಂಡಿರೋ ಒಂದು ಮುಖ ಬೇಕು. ಸೋಮವಾರ ನಾಲ್ಕಕ್ಕೆ ಸ್ಟುಡಿಯೋಗೆ ಬಂದ್ಬಿಡು."

ನಾನೇ ಯಾಕೆ ಅಂತ ಗಾಜಣ್ಣ ಕೇಳಲಿಲ್ಲ. ಕೇಳಿದರೆ ಮನಸ್ಸು ಬದಲಾಯಿಸಿಬಿಟ್ಟಾರು ಅಂತ ಭಯ. ಮನೆಗೆ ಹೋಗಿ ಹೇಳಿದ್ದೇ ತಡ, ಎಂಟು ವರ್ಷದ ಮೊಮ್ಮಗಳು ಗೆಳತಿಯರಿಗೆಲ್ಲ ಡಂಗುರ ಸಾರಿಬಿಟ್ಟಳು. ಅಂಥ ಗೌರವಕ್ಕೆ ತಕ್ಕ ಹಾಗೆ ಇರಬೇಡವೇ? ಭಾನುವಾರ ಔಷಧಿ ಅಂಗಡಿಗೆ ಹೋದ, ಪೊಟ್ಟಣದ ಮೇಲೆ 'ಪರ್ಮನೆಂಟ್' ಅಂತ ದಪ್ಪಕ್ಷರದಲ್ಲಿದ್ದ ಹೇರ್ ಡೈಯನ್ನೇ ಆರಿಸಿ ತಂದ, ಹಾಲಿನಂಥ ಬಿಳಿ ತಲೆಯನ್ನು ಇದ್ದಿಲು ಕಪ್ಪು ಮಾಡಿಕೊಂಡ. ಹೆಂಡತಿ ನೋಡಿ, "ಪರವಾಗಿಲ್ಲ, ಮದುವೆ ಫೋಟೋದಲ್ಲಿದ್ದ ಹಾಗಿದೀರಿ," ಅಂದಳು. ಅವನ ಎದೆ ಒಂದು ಗೇಣು ಉಬ್ಬಿತು.

ಸೋಮವಾರ ಬೆಳಿಗ್ಗೆ ಏಳೂವರೆಗೆ ಫೋಟೋಗ್ರಾಫರನ ಫೋನು ಬಂತು.

"ಸಾರ್, ನೀಲಿ ಶರ್ಟ್ ಹಾಕ್ಕೊಂಡು ಬನ್ನಿ. ನಿಮ್ಮ ಬೆಳ್ಳಿ ಕೂದಲಿಗೆ ಚೆನ್ನಾಗಿ ಒಪ್ಪುತ್ತೆ. ಆ ತಲೆ ನೋಡೇ ತಾನೆ ನಿಮ್ಮ ಯಜಮಾನ್ರು ನಿಮ್ಮನ್ನ ಆರಿಸಿದ್ದು!"

ಗಾಜಣ್ಣ ತನ್ನ ಕಪ್ಪು ತಲೆ ಮುಟ್ಟಿ ನೋಡಿಕೊಂಡ. "ಅಕಸ್ಮಾತ್ ನಂಗೆ ಬರೋಕೆ ಆಗ್ಲಿಲ್ಲ ಅಂದ್ರೆ?"

"ಕೌಂಟರಿನವರ ಮಾವ ಇದಾರಲ್ಲ, ಅವರದ್ದೂ ಬಿಳೀ ತಲೇನೇ. ಅವರು ರೆಡಿಯಾಗೇ ಇದಾರೆ."

ಕೌಂಟರಿನವಳ ಮಾವ! ಮೂವತ್ತೊಂದು ವರ್ಷ ಹೊಗಳಿಕೆ ಹೋಯಿತು, ಈಗ ಬೋರ್ಡೂ ಆ ಮನೆಗೇ ಹೋಗುವುದೇ? ಗಾಜಣ್ಣ ಅಂಗಡಿಗೆ ರಜೆ ಹೇಳಿ ಬಚ್ಚಲಿಗೆ ನುಗ್ಗಿದ.

ಪಾತ್ರೆ ತೊಳೆಯುವ ಸೋಪಿನಲ್ಲಿ ನಾಲ್ಕು ಸಲ ತಲೆ ತೊಳೆದ. ನೀರು ಕಪ್ಪಾಯಿತು, ಟವೆಲ್ಲು ಕಪ್ಪಾಯಿತು, ತಲೆಯೂ ಕಪ್ಪಾಗೇ ಇತ್ತು. ಒಂದು ಕೂದಲು ಕಿತ್ತು ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದ. ಬುಡದಿಂದ ತುದಿಯವರೆಗೂ ಕಪ್ಪು. ಕಂಪನಿಯವರು ನಿಜಕ್ಕೂ ಮಾತು ಉಳಿಸಿಕೊಂಡಿದ್ದರು.

ಅಷ್ಟರಲ್ಲಿ ಹೆಂಡತಿ ಸೋಪು ಹುಡುಕಿಕೊಂಡು ಬಂದು ವಿಷಯ ತಿಳಿದಳು. ಅವಳಿಗೆ ತಿಳಿದ ಮೇಲೆ ಕಟ್ಟಡಕ್ಕೆಲ್ಲ ತಿಳಿಯಲು ಹತ್ತು ನಿಮಿಷ ಸಾಕಾಯಿತು. ಮಹಡಿಯಿಂದ ಮೊದಲು ಇಳಿದು ಬಂದವರು ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು.

"ಇದು ಆಕ್ಸಿಡೇಷನ್ನು ಕಣ್ರೀ. ವಿಟಮಿನ್ ಸಿ ಹಾಕಿದ್ರೆ ಉಲ್ಟಾ ಆಗುತ್ತೆ. ಸುಮ್ನೆ ಕೂತ್ಕೊಳ್ಳಿ!" ಅಂದವರೇ ಇಡೀ ಡಬ್ಬಿ ಮಾತ್ರೆ ಕುಟ್ಟಿ, ಶಾಂಪೂವಿನಲ್ಲಿ ಕಲಸಿ, ತಲೆಗೆ ಮೆತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿದರು. ಒಂದು ಗಂಟೆ ಗಾಜಣ್ಣ ಚೀಲ ಹೊತ್ತು ಕೂತ. ಮೇಷ್ಟ್ರು ಎದುರಿಗೆ ಕೂತು ಪಾಠ ಮಾಡಿದರು. ಎರಡರಲ್ಲಿ ಯಾವುದು ಹೆಚ್ಚು ಉರಿಯಿತೋ ಹೇಳುವುದು ಕಷ್ಟ.

ತೊಳೆದಾಗ ಕಪ್ಪು ಹೋಗಿತ್ತು. ಬಿಳಿ ಮಾತ್ರ ಬಂದಿರಲಿಲ್ಲ. ತುಕ್ಕು ಹಿಡಿದ ಕಬ್ಬಿಣದ ಬಣ್ಣ ಬಂದಿತ್ತು.

"ನೋಡಿದ್ರಾ, ಕೆಲಸ ಮಾಡ್ತಿದೆ!" ಅಂದರು ಮೇಷ್ಟ್ರು.

"ಏನ್ ಕೆಲಸ ಮಾಡ್ತಿದೆ ನಿಮ್ಮ ತಲೆ! ಸರೀರಿ ಆ ಕಡೆ," ಅಂತ ಎದುರುಮನೆಯ ಲಾಂಡ್ರಿ ಅಕ್ಕ ತೋಳು ಮೇಲೇರಿಸಿಕೊಂಡು ಒಳಗೆ ಬಂದಳು. "ಇಪ್ಪತ್ತು ವರ್ಷದಿಂದ ಕಲೆ ತೆಗೀತಿದೀನಿ. ಕಾಲರ್ರಾದ್ರೇನು, ತಲೆಯಾದ್ರೇನು? ಬಗ್ಗಣ್ಣಾ!"

ಗಾಜಣ್ಣ ಬಗ್ಗಿದ. ಅಡುಗೆ ಸೋಡಾ ಸುರಿದು, ಅಂಗಿಯ ಕಾಲರ್ ತಿಕ್ಕುವ ಬ್ರಶ್ಶಿನಲ್ಲೇ ಅಕ್ಕ ತಿಕ್ಕಿದಳು. "ಅಯ್ಯೋ ಅಕ್ಕಾ, ಒಳಗೆ ಮಿದುಳಿದೆ!" ಅಂತ ಅವನು ಕೂಗಿದರೆ, "ಇದ್ದಿದ್ರೆ ಹೀಗ್ ಮಾಡ್ಕೋತಿದ್ಯಾ?" ಅಂತ ಇನ್ನೂ ಎರಡು ಸಲ ತಿಕ್ಕಿದಳು. ತಲೆ ಎತ್ತಿದಾಗ ಕೂದಲು ಒಂದು ಕಡೆ ಕಿತ್ತಳೆ, ಇನ್ನೊಂದು ಕಡೆ ಹಳದಿ, ನೆತ್ತಿಯಲ್ಲಿ ಮಾತ್ರ ಕಪ್ಪು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು. ಅಳುವುದಕ್ಕೋ ನಗುವುದಕ್ಕೋ ಗೊತ್ತಾಗಲಿಲ್ಲ.

ಮಧ್ಯಾಹ್ನ ಮೂರಕ್ಕೆ ಮೊಮ್ಮಗಳು ಶಾಲೆಯಿಂದ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. "ತಾತಾ, ಬೋರ್ಡಿಗೆ ಹೀಗೇ ಹೋಗ್ತೀಯಾ?"

ಆ ಮಾತು ನೆಟ್ಟಗೆ ಎದೆಗೇ ತಾಕಿತು. ಗಾಜಣ್ಣ ನೀಲಿ ಶರ್ಟು ತೊಟ್ಟ, ತಲೆಗೆ ಟವೆಲ್ಲು ಸುತ್ತಿದ, ಮೂಲೆಯ ಕ್ಷೌರದಂಗಡಿಗೆ ಓಡಿದ. "ಬೋಳಿಸಿಬಿಡಪ್ಪಾ," ಅಂತ ಕಣ್ಣು ಮುಚ್ಚಿಕೊಂಡ. ಬಿಳಿ ಇಲ್ಲದಿದ್ದರೂ ಪರವಾಗಿಲ್ಲ, ಈ ಅವತಾರ ತಪ್ಪಿದರೆ ಸಾಕಾಗಿತ್ತು.

ನಾಲ್ಕಕ್ಕೆ ಸ್ಟುಡಿಯೋದಲ್ಲಿ ಅವನು ಟವೆಲ್ಲು ತೆಗೆದಾಗ ದೀಪದ ಬೆಳಕು ತಲೆಯ ಮೇಲೆ ಪಳಕ್ಕೆಂದಿತು. ಕೌಂಟರಿನವಳ ಮಾವನನ್ನೇ ಕರೆಸಿಕೊಳ್ಳಿ ಅಂತ ಹೇಳಲು ಬಾಯಿ ತೆರೆದ. ಫೋಟೋಗ್ರಾಫರ್ ಮಾತ್ರ ಕ್ಯಾಮರಾದಿಂದ ತಲೆ ಎತ್ತಲೇ ಇಲ್ಲ.

"ಕೂತ್ಕೊಳ್ಳಿ ಸಾರ್. ಗದ್ದ ಸ್ವಲ್ಪ ಮೇಲೆ. ನಗಿ."

"ಅಲ್ಲಪ್ಪಾ, ನನ್ನ ಕೂದಲು..."

"ಕೂದಲೇನು ಮಹಾ! ಕಂಪ್ಯೂಟರಲ್ಲಿ ಹಾಕ್ತೀನಿ. ಐದು ನಿಮಿಷದ ಕೆಲಸ."

ಗಾಜಣ್ಣ ಬೋಳು ನೆತ್ತಿ ಸವರಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ. "ಕಪ್ಪು ಕೂದಲಿದ್ದಿದ್ರೆ?"

"ಅದಿನ್ನೂ ಸುಲಭ ಸಾರ್, ಬರೀ ಬಣ್ಣ ಬದಲಾಯಿಸಿದ್ರೆ ಆಯ್ತು. ನಗಬೇಕು ಸಾರ್, ನಗಬೇಕು! ಹಲ್ಲು ಕಚ್ಚಬೇಡಿ."

ಹತ್ತು ದಿನಕ್ಕೆ ಬೋರ್ಡು ಮೇಲೇರಿತು. ಎಂಟಡಿ ಎತ್ತರದ ಮುಖ, ಮೂಗಿನ ಮೇಲೆ ಮಿಂಚುವ ಕನ್ನಡಕ, ತಲೆಯ ಮೇಲೆ ಬೆಳ್ಳಿಯ ಅಲೆಗಳಂಥ ಕೂದಲು. ಅಷ್ಟು ಒಳ್ಳೆಯ ಕೂದಲು ಗಾಜಣ್ಣನಿಗೆ ಯಾವತ್ತೂ ಇರಲಿಲ್ಲ. ಸಂಜೆ ಮೊಮ್ಮಗಳು ಮೂವರು ಗೆಳತಿಯರನ್ನು ಎಳೆದುಕೊಂಡು ಬಂದಳು. ಅವರು ಬೋರ್ಡು ನೋಡಿದರು, ಬೋಳುತಲೆಯ ಮುದುಕನನ್ನು ನೋಡಿದರು, "ಸುಳ್ಳು ಹೇಳ್ತೀಯಾ!" ಅಂತ ಹೊರಟೇಹೋದರು.

ಮೊಮ್ಮಗಳು ಅಳಲಿಲ್ಲ. ಚೀಲದಿಂದ ಸ್ಕೇಲು ತೆಗೆದು, ತಾತನನ್ನು ಮೆಟ್ಟಿಲ ಮೇಲೆ ಕೂರಿಸಿ ನೆತ್ತಿ ಅಳೆದಳು. "ಮೂರು ಮಿಲಿಮೀಟರ್ ಬಂದಿದೆ ತಾತಾ. ಎಲ್ಲಾ ಬೆಳ್ಳಗೇ ಬರ್ತಿದೆ!"

ಗಾಜಣ್ಣನಿಗೆ ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಯಿತು. ಅಷ್ಟರಲ್ಲಿ ಕನ್ನಡಕ ತಗೊಂಡು ಹೊರಗೆ ಬಂದ ಒಬ್ಬರು ಅಜ್ಜಿ ಬೋರ್ಡನ್ನೂ ಅವನನ್ನೂ ಎರಡೆರಡು ಸಲ ನೋಡಿದರು.

"ಏನಪ್ಪಾ, ಮೇಲಿರೋರು ನಿಮ್ಮ ಅಣ್ಣನಾ? ಮೂಗೆಲ್ಲ ಒಂದೇ ಥರ ಇದೆ. ಆದ್ರೆ ಅವರು ಎಷ್ಟು ಲಕ್ಷಣವಾಗಿದಾರೆ! ಇಲ್ಲೇ ಇರ್ತಾರಾ?"

ಮೊಮ್ಮಗಳು ಬಾಯಿ ತೆರೆಯುವ ಮೊದಲೇ ಗಾಜಣ್ಣ ಅವಳ ಕೈ ಅದುಮಿದ.

"ಇಲ್ಲೇ ಕೆಲಸ ಅಮ್ಮಾ. ಸದ್ಯಕ್ಕೆ ರಜದ ಮೇಲಿದಾರೆ," ಅಂದ. "ಇನ್ನು ಆರು ತಿಂಗಳಿಗೆ ಬರ್ತಾರೆ."