ಭಾವನಿಗೆ ಹಿಡಿದ ಅಭ್ಯಾಸ

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ಭಾಂಡುಪಿನ ನಮ್ಮ ಕನ್ನಡ ಸಂಘದ ಕೋಣೆ. ಹಾಜರಿದ್ದವರು: ಅಧ್ಯಕ್ಷರು, ಖಜಾಂಚಿ, ಕಾರ್ಯದರ್ಶಿಯಾದ ನಾನು, ಮತ್ತು ಯಾರೂ ಕರೆಯದಿದ್ದರೂ ಎಲ್ಲರಿಗಿಂತ ಮೊದಲೇ ಬಂದು ಫ್ಯಾನಿನ ಕೆಳಗಿನ ಕುರ್ಚಿ ಹಿಡಿದಿದ್ದ ನಮ್ಮ ಭಾವ.

ಈ ಭಾವ ಬಾಯಿ ಮುಚ್ಚಿ ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದರೆ ಯಾರೂ ನಂಬುವುದಿಲ್ಲ. ನನ್ನ ಹೆಂಡತಿ ಅವರ ಒಡಹುಟ್ಟಿದ ತಂಗಿ, ಅವಳೇ ನಂಬಲಿಲ್ಲ! ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಅವರು ಮೈಸೂರಿನ ಬೀದಿಗಳನ್ನು ವರ್ಣಿಸಿದವರು. ಅವರ ಹೆಂಡತಿ ತೀರಿಕೊಂಡ ಮೇಲೆ "ಎಂಟು ದಿನ ಇದ್ದು ಹೋಗ್ತೀನಿ" ಎಂದು ನಮ್ಮ ಮನೆಗೆ ಬಂದರು. ಮೂರು ವರ್ಷವಾಯಿತು, ಆ ಎಂಟು ದಿನ ಇನ್ನೂ ಮುಗಿದಿಲ್ಲ. ಮುಂಬಯಿಗೆ ಬಂದವರು ಹಿಂದಿಯನ್ನಾಗಲಿ ಮರಾಠಿಯನ್ನಾಗಲಿ ಕಲಿತರೆ? ಛೆ! ವಡಾಪಾವ್ ಅಂಗಡಿಯವನೇ ಕನ್ನಡ ಕಲಿತ. ಈಗ ಭಾವನನ್ನು ಕಂಡೊಡನೆ "ಖಾರ ಜಾಸ್ತಿ, ಸ್ವಾಮಿ?" ಎಂದು ಕೇಳುತ್ತಾನೆ.

ನಾನೋ ಗಡಿಯಾರದ ಮನುಷ್ಯ. ಐದಕ್ಕೆ ಎದ್ದು, ಆರಕ್ಕೆ ನಡೆದು, ಏಳಕ್ಕೆ ತಿಂಡಿ ತಿನ್ನುವವನು. ಇಂಥವನ ಮನೆಯಲ್ಲಿ ಇಂಥವರು! ಇರಲಿ, ವಿಷಯಕ್ಕೆ ಬರುತ್ತೇನೆ.

ಸಂಘದ ಈ ಕೋಣೆ ಸಂಜೆ ಹೊತ್ತು ಖಾಲಿ ಬಿದ್ದಿರುತ್ತದೆ. ಪಕ್ಕದ ಗಲ್ಲಿಯ ಅಡುಗೆ ಕಂಟ್ರಾಕ್ಟರು ತಮ್ಮ ಪಾತ್ರೆ ಇಡಲು ಅದನ್ನು ಕೇಳಿದ್ದರು. ಅಧ್ಯಕ್ಷರಿಗೆ ಕೊಟ್ಟುಬಿಡುವ ಮನಸ್ಸು. ನಾನು, "ಪ್ರತಿ ವರ್ಷ ಭಾಷಣದಲ್ಲಿ ಯುವಜನರಿಗೆ ಏನಾದರೂ ಮಾಡಬೇಕು ಅಂತೀವಲ್ಲ, ಅವರಿಗೇನು ಬೇಕು ಅಂತ ಒಮ್ಮೆ ಕೇಳೋಣ" ಎಂದೆ. ಮಾತು ಮುಗಿಯುವ ಮೊದಲೇ ಭಾವ ಎದ್ದು ನಿಂತರು. "ನಾನು ಕೇಳ್ಕೊಂಡು ಬರ್ತೀನಿ! ಕನ್ನಡದಲ್ಲೇ ಕೇಳ್ತೀನಿ!"

ಅದು ಕಳೆದ ತಿಂಗಳ ಮಾತು. ಈ ಭಾನುವಾರ ಅವರ ವರದಿ.

"ಮೊದಲನೇ ಬೇಡಿಕೆ," ಎಂದು ಭಾವ ಗಂಟಲು ಸರಿಮಾಡಿಕೊಂಡರು. "ಹಿರಿಯರು ದಾರಿ ಬಿಡಬೇಕಂತೆ."

ಹದಿನಾರು ವರ್ಷದಿಂದ ಅಧ್ಯಕ್ಷರಾಗಿರುವ ಅಧ್ಯಕ್ಷರ ಮುಖ ಕೆಂಪಾಯಿತು. "ಯಾರ್ರೀ ಹಾಗಂದಿದ್ದು? ಎಲ್ಲಿ?"

"ಸ್ಟೇಷನ್ನಲ್ಲಿ. ನಮ್ಮ ಕನ್ನಡದ ಹುಡುಗ ಒಬ್ಬ ಓಡ್ತಾ ಬಂದ. ತಡೆದು ನಿಲ್ಲಿಸಿ, ನಿನ್ನ ಅಗತ್ಯವೇನಪ್ಪಾ ಅಂತ ಕೇಳಿದೆ. 'ಅಂಕಲ್, ನೀವು ಸ್ವಲ್ಪ ಸರೀಬೇಕು, ದಾದರ್ ಲೋಕಲ್ ಬಂತು' ಅಂದ."

ಆ ಹುಡುಗನಿಗೆ ಲೋಕಲ್ ಸಿಕ್ಕಿತೇ ಎಂದು ನಾನು ಕೇಳಿದೆ. ಸಿಗಲಿಲ್ಲವಂತೆ. ಭಾವ ಅವನಿಗೆ ಉಪಪ್ರಶ್ನೆ ಕೇಳುತ್ತಿದ್ದರಂತೆ!

"ಎರಡನೇದು ಹೇಳೋಕೆ ನಾಲಿಗೆ ಬರೋದಿಲ್ಲ," ಎಂದರು ಭಾವ. ಅವರ ನಾಲಿಗೆ ಬಾರದ ವಿಷಯವೂ ಉಂಟೇ! ನಾವೆಲ್ಲ ಕಿವಿ ನಿಮಿರಿಸಿದೆವು. "ಇಲ್ಲಿನ ಹುಡುಗರಿಗೆಲ್ಲ ಅಭ್ಯಾಸ ಇದೆ!"

"ಅಭ್ಯಾಸವೇ?" ಖಜಾಂಚಿಯವರು ಹೆಬ್ಬೆರಳನ್ನು ಬಾಯಿಗೆ ಎತ್ತಿ ಸಂಜ್ಞೆ ಮಾಡಿದರು.

"ಇನ್ನೇನು ಮತ್ತೆ? ಮನೇಲಿ ಮಾಡೋಕಾಗಲ್ಲವಂತೆ, ಮೆಟ್ಟಿಲ ಮೇಲೆ ಕೂತು ಮಾಡ್ತಾರಂತೆ, ವಾಚ್‌ಮನ್ ಓಡಿಸ್ತಾನಂತೆ. ಗುಂಪಲ್ಲಿ ಮಾಡಿದ್ರೆ ಇನ್ನೂ ಚೆನ್ನಾಗಿ ಆಗತ್ತಂತೆ! ಹುಡುಗೀರೂ ಸೇರಿ! ಬುದ್ಧಿ ಹೇಳೋಣ ಅಂತ ಒಂದು ಹುಡುಗೀನ, ಅವಳ ತಾಯೀನ ಕರ್ಕೊಂಡು ಬಂದಿದೀನಿ. ಹೊರಗೆ ಕೂತಿದಾರೆ."

"ಇಂಥವರಿಗೆ ಕೋಣೆ ಕೊಡೋದೇ? ಪಾತ್ರೆಗಳೇ ವಾಸಿ!" ಎಂದರು ಅಧ್ಯಕ್ಷರು. ಕೋಣೆ ಹೆಚ್ಚುಕಡಿಮೆ ಹುಡುಗರ ಕೈತಪ್ಪಿದಂತೆಯೇ ಆಯಿತು.

ಹುಡುಗಿ ಒಳಗೆ ಬಂದಳು. ಹೆಸರು ರೇಣುಕಾ, ಹನ್ನೆರಡನೇ ಕ್ಲಾಸು. ಹಿಂದೆ ಸೆರಗು ಹೊದ್ದ ತಾಯಿ, ಕಲಬುರಗಿ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವಾಕೆ.

ಅಧ್ಯಕ್ಷರು ದನಿ ತಗ್ಗಿಸಿ, "ಎಷ್ಟು ದಿನದಿಂದ ಇದೆಯಮ್ಮಾ ಈ ಅಭ್ಯಾಸ?" ಎಂದು ಕೇಳಿದರು.

"ಒಂದನೇ ಕ್ಲಾಸಿಂದ, ಅಂಕಲ್."

ಖಜಾಂಚಿಯವರು "ರಾಮ ರಾಮಾ" ಎಂದರು.

"ಬಿಡೋಕಾಗಲ್ವಾ ತಾಯೀ?"

"ಬಿಟ್ರೆ ಫೇಲ್ ಆಗ್ತೀನಲ್ಲ! ನರ್ಸಿಂಗ್‌ಗೆ ಸೀಟ್ ಕೈಸೇ ಸಿಗತ್ತೆ?"

ಆಗ ನನಗೆ ಹೊಳೆಯಿತು. ದಾದರಿನ ಕಚೇರಿಯಲ್ಲಿ ಮರಾಠಿ ಮಿತ್ರರು "ಮಕ್ಕಳ ಅಭ್ಯಾಸ ಹೇಗಿದೆ?" ಎಂದು ಕೇಳುವುದನ್ನು ನಿವೃತ್ತಿಯವರೆಗೂ ಕೇಳಿಸಿಕೊಂಡವನು ನಾನು. ಆದರೆ ಸಂಘದ ಹೊಸ್ತಿಲು ದಾಟಿದೊಡನೆ ನಾವೆಲ್ಲ ಕನ್ನಡದ ಕಿವಿಯನ್ನೇ ಇಟ್ಟುಕೊಂಡು ಕೂರುತ್ತೇವಲ್ಲ!

"ಅಯ್ಯೋ, ಅಭ್ಯಾಸ ಅಂದ್ರೆ ಈ ಮಕ್ಕಳ ಬಾಯಲ್ಲಿ ಓದೋದು! ಮರಾಠೀಲಿ ಓದಿಗೆ ಅಭ್ಯಾಸ ಅಂತಾರೆ!" ಎಂದು ಕೂಗಿದೆ.

"ಹೂನ್ರೀ, ಓದೂದು," ಎಂದಳು ತಾಯಿ. "ಒಂದ ಖೋಲಿ, ಆರು ಮಂದಿ, ಮ್ಯಾಲ ಟಿವಿ. ಪರೀಕ್ಷಾ ಹತ್ರ ಬಂತು. ಎಲ್ಲಿ ಕುಂತು ಓದಬೇಕ್ರೀ ಕೂಸು?"

ಭಾವನ ತಲೆಯ ಮೇಲಿನ ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. ಅಧ್ಯಕ್ಷರು ಹೆಬ್ಬೆರಳೆತ್ತಿದ್ದ ಖಜಾಂಚಿಯವರನ್ನು ನೋಡಿದರು, ಖಜಾಂಚಿಯವರು ಭಾವನನ್ನು ನೋಡಿದರು, ಭಾವ ನೆಲ ನೋಡಿದರು. ಪಾತ್ರೆಗಳ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ; ಸಂಜೆ ಹೊತ್ತು ಕೋಣೆ ಓದುವ ಮಕ್ಕಳಿಗೇ ಎಂದು ಅಧ್ಯಕ್ಷರು ಹೇಳಿಬಿಟ್ಟರು.

ಆದರೆ ತಾಯಿ ಹೊರಡಲಿಲ್ಲ. "ಖೋಲಿ ಕೊಟ್ರಿ, ಭಾಳ ಚಲೋ ಆತು. ಸಂಜೀಮುಂದ ಹೆಣ್ಣಹುಡುಗೀನ ಒಬ್ಬಾಕಿನ್ನ ಹೆಂಗ ಕಳಸ್ಲಿ? ದೊಡ್ಡವರು ಯಾರರ ಕುಂದರಬೇಕ್ರೀ." ಆಮೇಲೆ ಭಾವನತ್ತ ತಿರುಗಿ, "ಈ ಮುತ್ಯಾ ಕುಂತ್ರ ಕಳಸ್ತೀನಿ," ಎಂದಳು.

"ನಾನೇ? ಓಹೋ, ಧಾರಾಳವಾಗಿ! ಮೈಸೂರಲ್ಲಿ ನಾನು..."

"ಅಂಕಲ್," ಎಂದಳು ರೇಣುಕಾ, "ನೀವು ಮಾತಾಡ್ಬಾರ್ದು ಹಾಂ. ಏಕ್‌ದಮ್ ಚುಪ್!"

ತೆರೆದ ಬಾಯನ್ನು ಭಾವ ಮುಚ್ಚಿದರು. ಅದರ ಸದ್ದು ನನಗೆ ಕೇಳಿಸಿದಂತಾಯಿತು.

"ಎಷ್ಟು ಹೊತ್ತು ತಡೀತಾರೆ ನೋಡೋಣ," ಎಂದಳು ಮನೆಯಲ್ಲಿ ನನ್ನ ಹೆಂಡತಿ.

ಅಂದೇ ರಾತ್ರಿ ಎಂಟಕ್ಕೆ ಬೀಗ ಹಾಕಲು ಹೋದೆ. ಬಾಗಿಲಲ್ಲೇ ಭಾವ ಬೆರಳೆತ್ತಿ ತಡೆದರು. ನನ್ನ ಕೈಯ ಬೀಗದ ಕೈಗೊಂಚಲು ಗಲಗಲಿಸುತ್ತಿತ್ತು! ಒಳಗೆ ರೇಣುಕಾ, ಅವಳ ಜೊತೆಗೆ ಇನ್ನೂ ಐದಾರು ಮಕ್ಕಳು, ತಲೆ ತಗ್ಗಿಸಿ ಓದುತ್ತಿದ್ದರು. ಭಾವನ ಅಂಗಿ ಬೆವರಿನಲ್ಲಿ ಪೂರಾ ತೊಯ್ದು ಬೆನ್ನಿಗೆ ಅಂಟಿತ್ತು. ಮಕ್ಕಳ ಕಡೆಯ ಫ್ಯಾನು ತಿರುಗುತ್ತಿತ್ತು. ತಮ್ಮ ತಲೆಯ ಮೇಲಿನದನ್ನು ಮಾತ್ರ ಅವರು ನಿಲ್ಲಿಸಿದ್ದರು.

ಮಕ್ಕಳು ಹೋದ ಮೇಲೆ, "ಏನು ಭಾವ, ಈ ಸೆಕೆಯಲ್ಲಿ?" ಎಂದೆ.

"ಕಿರ್ ಅನ್ನತ್ತಲ್ಲ, ಸೆಕ್ರೆಟರಿಗಳೇ. ಓದೋರಿಗೆ ತೊಂದರೆ." ಮೈಸೂರಿನ ಸುದ್ದಿ ಶುರುವಾಗುತ್ತದೆಂದು ಕಾದೆ. ಶುರುವಾಯಿತು, ಆದರೆ ಬಹಳ ಮೆಲ್ಲಗೆ. "ಅವಳು ಹೋದ್ಮೇಲೆ ಮೈಸೂರಿನ ಮನೇಲಿ ಸದ್ದೇ ಇರ್ಲಿಲ್ಲ ನೋಡಿ. ತಡೀಲಾರದೆ ಓಡಿ ಬಂದೆ. ಇವತ್ತು ಇಲ್ಲೂ ಸದ್ದಿರ್ಲಿಲ್ಲ. ಆದ್ರೆ ಅಲ್ಲಿನ ಹಾಗಿರ್ಲಿಲ್ಲ."

ಎಂಟೂಕಾಲಿಗೆ ನನ್ನ ಊಟ. ಅದನ್ನು ಬಿಟ್ಟು ಮನೆಗೆ ಹೋಗಿ ಹೊಲಿಗೆ ಯಂತ್ರದ ಎಣ್ಣೆ ತಂದೆ. ಭಾವ ಸ್ಟೂಲು ಹಿಡಿದರು, ನಾನು ಹತ್ತಿ ಫ್ಯಾನಿಗೆ ಎಣ್ಣೆ ಬಿಟ್ಟೆ. ಸ್ವಿಚ್ ಹಾಕಿದೆವು. ಫ್ಯಾನು ತಿರುಗಿತು, ಕಿರ್ ಎನ್ನಲಿಲ್ಲ.

"ಆಯ್ತು," ಎಂದರು ಭಾವ. ಖಾಲಿ ಕೋಣೆಯಲ್ಲೂ ಪಿಸುಮಾತಿನಲ್ಲೇ.

ಬೀಗ ಹಾಕಿ, ಕೀಲಿಕೈಯನ್ನು ಅವರ ಕೈಯಲ್ಲಿಟ್ಟೆ.