ಆವುಲಪ್ಪನ ಅಂತರರಾಜ್ಯ ಕೆಮ್ಮು

ಬೇರಿಕೆಯಿಂದ ಮೂರು ಮೈಲಿ ಆಚೆ ಇರುವ ಕಲ್ಲಪ್ಪನಪಲ್ಲಿಯಲ್ಲಿ ಆವುಲಪ್ಪನ ಮನೆಯ ಮುಂಬಾಗಿಲು ತಮಿಳುನಾಡಿನಲ್ಲಿಯೂ ಹಿತ್ತಲ ಬಾಗಿಲು ಕರ್ನಾಟಕದಲ್ಲಿಯೂ ಇರುತ್ತದೆ. ಇದು ದಾಖಲೆಗಳಿಂದ ದೃಢಪಟ್ಟಿರುವ ಸಂಗತಿಯಾಗಿದ್ದು, ಈ ಬಗ್ಗೆ ಯಾರ ತಕರಾರೂ ಇರುವುದಿಲ್ಲ. ಆವುಲಪ್ಪನ ತಾತ ಕಟ್ಟಿದ ಮನೆ ಅದು. ಗೋಡೆ ಮೊದಲು ಬಂತು, ಗಡಿ ಆಮೇಲೆ ಬಂತು. ಹೆಂಡತಿ ಶ್ಯಾಮಲಮ್ಮ ಮದುವೆಯಾಗಿ ಬಂದಂದಿನಿಂದ ಇಪ್ಪತ್ತಾರು ವರ್ಷ ಕರ್ನಾಟಕದಲ್ಲಿ ಮುದ್ದೆ ತಿರುವಿ ತಮಿಳುನಾಡಿನಲ್ಲಿ ಬಡಿಸಿದ್ದಳು. ದಾರಿಯಲ್ಲಿ ಮುದ್ದೆ ಆರಿದ ಬಗ್ಗೆ ಒಂದು ದೂರೂ ದಾಖಲಾಗಿಲ್ಲ.

ಆವುಲಪ್ಪ ಗುಲಾಬಿ ತೋಟದಲ್ಲಿ ಕಸಿ ಕಟ್ಟುವವನು. ಬೆರಳು ನಡುಗಬಾರದ ಕೆಲಸ. ಕಾರ್ತೀಕದ ಚಳಿಗೆ ಅವನಿಗೆ ಕೆಮ್ಮು ಹತ್ತಿತು, ಕೆಮ್ಮಿದಾಗಲೆಲ್ಲ ಚಾಕು ಜಾರಿತು. ತೋಟದ ಮೇಸ್ತ್ರಿ, "ಏನೂ ಇಲ್ಲ ಅಂತ ಡಾಕ್ಟರ ಚೀಟಿ ತಕೊಂಡು ಬಾ, ಅಲ್ಲಿಗಂಟ ಬರಬೇಡ" ಎಂದ. ಹೊಸೂರಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಕೆಂಪು ಸಿರಪ್ಪು ಕೊಟ್ಟರು. ಅದು ಮುಗಿದ ಮೇಲೆ ಹಸಿರು ಸಿರಪ್ಪು ಕೊಟ್ಟರು. ಬಣ್ಣ ಬದಲಾಯಿತು, ಕೆಮ್ಮು ಬದಲಾಗಲಿಲ್ಲ. ಸಂಜೆಯಾದರೆ ಜ್ವರ, ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಇಪ್ಪತ್ತನೆಯ ದಿನ ಈ ಕಡೆಯ, ಅಂದರೆ ತಮಿಳುನಾಡಿನ, ಆರೋಗ್ಯ ಕಾರ್ಯಕರ್ತೆ ವರಲಕ್ಷ್ಮಿಯವರು ಮುಂಬಾಗಿಲಿಗೆ ಬಂದರು. ಕ್ಷಯರೋಗ ಪತ್ತೆ ಮತ್ತು ಚಿಕಿತ್ಸೆಯ ಮಾರ್ಗಸೂಚಿಯನ್ನು ಅಕ್ಷರಶಃ ಪಾಲಿಸುವವರೆಂದು ಅವರಿಗೆ ಹೆಸರಿತ್ತು. ಆ ಪುಸ್ತಕಕ್ಕೆ ಅವರು ಖಾಕಿ ಕಾಗದದ ರಟ್ಟು ಹಾಕಿದ್ದರು.

"ಎಷ್ಟು ದಿನದಿಂದ ಈ ಇರುಮಲು, ಕೆಮ್ಮು, ಅಣ್ಣ?"

"ಇಪ್ಪತ್ತು ದಿನ ಆತು ಸಿಸ್ಟರಮ್ಮ."

"ಎರಡು ವಾರ ದಾಟಿದ್ರೆ ಕಫ ಟೆಸ್ಟ್ ಮಾಡ್ಲೇಬೇಕು." ಅವರು ಸಂತೋಷದಿಂದ ಪೆನ್ನು ತೆಗೆದರು. "ಎಲ್ಲಿ ಕೆಮ್ತೀರಾ?"

"ಹಗಲೊತ್ತು ಹಿತ್ತಲಾಗೆ. ಒಳಗೆ ಕೆಮ್ಮಿದ್ರೆ ಇವ್ಳು ಬಯ್ತಾಳೆ."

ವರಲಕ್ಷ್ಮಿಯವರು ಪೆನ್ನಿನ ಮುಚ್ಚಳ ಹಾಕಿದರು. "ಹಿತ್ತಲು ಕರ್ನಾಟಕ ಅಲ್ವಾ ಅಣ್ಣ."

ಅವರ ಚೀಲದಲ್ಲಿ ಹೊಸ ಸುತ್ತೋಲೆಯಿತ್ತು. 'ಒಬ್ಬನೇ ರೋಗಿ ಎರಡು ಕಡೆ ಎಣಿಕೆಯಾಗುವುದನ್ನು ತಪ್ಪಿಸುವ ಸಲುವಾಗಿ, ಶಂಕಿತ ವ್ಯಕ್ತಿಯು ಸದರಿ ಎರಡು ವಾರಗಳ ಕೆಮ್ಮನ್ನು ಸಂಪೂರ್ಣವಾಗಿ ಹಾಗೂ ಅಖಂಡವಾಗಿ ಒಂದೇ ವ್ಯಾಪ್ತಿಯೊಳಗೆ ಕೆಮ್ಮಿರತಕ್ಕದ್ದು.' ಅದನ್ನು ಅವರು ಓದಿ, ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ವಿವರಿಸಿದರು. ನಂತರ ರಿಜಿಸ್ಟರಿನಲ್ಲಿ 'ಸಲಹೆ ನೀಡಲಾಯಿತು' ಎಂದು ಬರೆದರು.

ಎರಡು ದಿನ ಬಿಟ್ಟು ಆ ಕಡೆಯ, ಅಂದರೆ ಕರ್ನಾಟಕದ, ಆರೋಗ್ಯ ಸಹಾಯಕರಾದ ಮಾದೇಶ್ ಹಿತ್ತಲ ಬಾಗಿಲಿಗೆ ಬಂದರು. ಮುಂಬಾಗಿಲಿಗೆ ಬರಲು ಅವರಿಗೆ ಪ್ರಯಾಣ ಭತ್ಯೆಯ ಅವಕಾಶವಿರಲಿಲ್ಲ. ಅವರ ಚೀಲದಲ್ಲಿಯೂ ಅಂಥದೇ ಸುತ್ತೋಲೆಯಿತ್ತು.

"ರಾತ್ರಿ ಎಲ್ಲಿ ಮಲಗ್ತೀರಾ ಯಜಮಾನ್ರೆ?"

"ನಡುಮನೇಲಿ."

"ಅಲ್ಲೂ ಕೆಮ್ತೀರಾ?"

"ಅಲ್ಲೇ ಜಾಸ್ತಿ."

ಮಾದೇಶ್ ವಿಷಾದದಿಂದ ತಲೆಯಾಡಿಸಿದರು. "ಹಂಗಾದ್ರೆ ನಿಮ್ಮ ಕೆಮ್ಮು ದಿನಾ ಸಂಜೆ ಗಡಿ ದಾಟ್ತಾ ಐತೆ. ನಮ್ಮ ಲೆಕ್ಕದಲ್ಲಿ ನೀವು ಒಂದು ದಿನಾನೂ ಪೂರ್ತಿ ಕೆಮ್ಮಿಲ್ಲ."

ಹೀಗೆ ಆವುಲಪ್ಪ ಎರಡು ರಾಜ್ಯಗಳಲ್ಲಿ ಒಟ್ಟು ಇಪ್ಪತ್ತೆರಡು ದಿನ ಕೆಮ್ಮಿದ್ದರೂ, ಯಾವ ರಾಜ್ಯದಲ್ಲಿಯೂ ಒಂದು ದಿನವೂ ಕೆಮ್ಮಿಲ್ಲವೆಂದು ಇತ್ಯರ್ಥವಾಯಿತು.

ಮನುಷ್ಯ ಸಾಧು. ನಿಯಮ ಇದೆಯಲ್ಲ, ಪಾಲಿಸಿದರಾಯಿತು ಎಂದುಕೊಂಡು ಮುಂದಿನ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತ. ಹಗಲೂ ರಾತ್ರಿಯೂ ತಮಿಳುನಾಡಿನಲ್ಲೇ ಕೆಮ್ಮಿದ. ವರಲಕ್ಷ್ಮಿಯವರು ದಿನಾ ಹತ್ತು ಗಂಟೆಗೆ ಬಂದು ಕೇಳಿ ಗುರುತು ಹಾಕಿಕೊಂಡರು. ಬರುವಾಗ ಮನೆಯಿಂದ ಎರಡು ಬೇಯಿಸಿದ ಮೊಟ್ಟೆ ತರುತ್ತಿದ್ದರು. ಮೊಟ್ಟೆಯ ವ್ಯಾಪ್ತಿಯ ಬಗ್ಗೆ ಸುತ್ತೋಲೆ ಏನೂ ಹೇಳಿರಲಿಲ್ಲ.

ಒಂಬತ್ತನೆಯ ದಿನ ಅವರು ಎಂದಿನಂತೆ, "ಎಲ್ಲಾ ಇಲ್ಲೇ ತಾನೇ ಅಣ್ಣ?" ಎಂದರು.

ಆವುಲಪ್ಪ ಕಂಬಳಿ ಸರಿಸಿ ಹಿತ್ತಲ ಕಡೆ ಕೈ ತೋರಿಸಿದ. "ಬೆಳಗಿನ ಜಾವ ಕಕ್ಕಸಿಗೆ ಹೋಗಿದ್ದೆ ಸಿಸ್ಟರಮ್ಮ. ಅದು ಹಿತ್ತಲಾಗೈತೆ. ಅಲ್ಲಿ ಒಂದು ಬಂದ್ಬುಡ್ತು."

"ಒಂದೇನಾ?"

"ಎಲ್ಡು."

ವರಲಕ್ಷ್ಮಿಯವರ ಕಣ್ಣಲ್ಲಿ ನೀರು ಬಂತು. ಆದರೂ ಒಂಬತ್ತು ದಿನಗಳ ಗುರುತಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿದರು.

ಅವರು ಹೋದ ಮೇಲೆ ಶ್ಯಾಮಲಮ್ಮ ಗಂಡನ ಎದುರು ಬಂದು ನಿಂತಳು. "ನಿನ್ನ ಸತ್ಯ ಹಾಳಾಗ್ಹೋಗ! ಆ ಎಲ್ಡು ಕೆಮ್ಮು ಹೇಳ್ದಿದ್ರೆ ನಿನ್ ಗಂಟೇನು ಹೋಗ್ತಿತ್ತು?"

"ಕೇಳುದ್ರು, ಹೇಳ್ದೆ ಕಣೆ."

ಆಗ ಅವನಿಗೆ ಮತ್ತೆ ಕೆಮ್ಮು ಬಂತು. ಬಾಯಿಗೆ ಹಿಡಿದ ಟವೆಲಿನಲ್ಲಿ ಬೊಟ್ಟಿನಷ್ಟು ರಕ್ತವಿತ್ತು. ಶ್ಯಾಮಲಮ್ಮ ಬಯ್ಯುವುದನ್ನು ಅಲ್ಲಿಗೇ ನಿಲ್ಲಿಸಿ, ಟವೆಲು ಕಿತ್ತುಕೊಂಡು ಕೃಷ್ಣಗಿರಿಯ ಬಸ್ಸು ಹತ್ತಿದಳು. ಅಲ್ಲಿಯ ಕಚೇರಿಯೊಂದರಲ್ಲಿ ಟವೆಲನ್ನು ಮೇಜಿನ ಮೇಲೆ ಹರಡಿ, "ಇದು ಯಾವ ರಾಜ್ಯದ್ದು ಹೇಳಿ ಸಾಮಿ" ಎಂದಳು.

ಪ್ರಶ್ನೆ ಗಂಭೀರವಾದುದೆಂದು ಎಲ್ಲರೂ ಒಪ್ಪಿದರು. ಟವೆಲಿಗೆ ಸ್ವೀಕೃತಿ ಸಂಖ್ಯೆ ನೀಡಲಾಯಿತು. ಎರಡೂ ಕಡೆಯವರು ಸೇರಿ ಗಡಿಗೆಮ್ಮು ಉಪಸಮಿತಿ ರಚಿಸಿದರು. ಉಪಸಮಿತಿಯು ಆವುಲಪ್ಪನ ಕೆಮ್ಮಿನ ಜಂಟಿ ಸರ್ವೆಗೆ ಆದೇಶಿಸಿತು.

ಸರ್ವೆಯರ್ ಲಕ್ಷ್ಮೀಪತಿಯವರು ಟೇಪು, ಸುಣ್ಣದ ಡಬ್ಬಿ ಹಿಡಿದು ಬಂದರು. ಗಡಿಕಲ್ಲು ಎರಡು ದಿನ ಸಿಗಲಿಲ್ಲ. ಮೂರನೆಯ ದಿನ, ಶ್ಯಾಮಲಮ್ಮ ಅತ್ತೆಯ ಕಾಲದಿಂದ ಬಟ್ಟೆ ಒಗೆಯುತ್ತಿದ್ದ ಕಲ್ಲೇ ಅದೆಂದು ತಿಳಿಯಿತು. ಅಲ್ಲಿಂದ ದಾರ ಹಿಡಿದು, ನಡುಮನೆಯ ಮಧ್ಯೆ ಹಾದು ಹೋಗುವಂತೆ ಬೆರಳು ದಪ್ಪದ ಬಿಳಿ ಗೆರೆ ಎಳೆದರು. ಜಗಲಿಯೂ ಸೇರಿ ಹನ್ನೊಂದು ಅಡಿ ಈ ಕಡೆ, ಏಳು ಅಡಿ ಆ ಕಡೆ.

ಗೆರೆ ಒಣಗುವ ಮೊದಲೇ ಹೊಸ ತೊಡಕೆದ್ದಿತು. ಆವುಲಪ್ಪ ಈ ಕಡೆ ನಿಂತು, ಆ ಕಡೆ ಬಾಗಿ ಕೆಮ್ಮಿದ. ಅದು ಕಾಲಿರುವ ರಾಜ್ಯದ್ದೋ, ಬಾಯಿರುವ ರಾಜ್ಯದ್ದೋ? ವರಲಕ್ಷ್ಮಿ ಮತ್ತು ಮಾದೇಶ್ ಗೆರೆಯ ಎರಡು ಬದಿಯಲ್ಲಿ ನಿಂತು, ಪರಸ್ಪರ ಗೌರವದಿಂದ ಒಂದು ಗಂಟೆ ಚರ್ಚಿಸಿದರು. ಅಷ್ಟು ಹೊತ್ತೂ ಆವುಲಪ್ಪ ಬಾಗಿಯೇ ಇದ್ದ. ಕೊನೆಗೆ ಲಕ್ಷ್ಮೀಪತಿಯವರು ಷರಾ ಬರೆದರು: 'ಬಾಯಿ ಇರುವ ರಾಜ್ಯವೇ ಕೆಮ್ಮಿನ ರಾಜ್ಯ.' ಉಪಸಮಿತಿಯು ಅದನ್ನು ಅಂಗೀಕರಿಸಿತು.

ಈ ನಡುವೆ, ಆರೋಗ್ಯ ಕಾರ್ಯಕರ್ತರು ಮಾರ್ಗಸೂಚಿಯನ್ನು ಎಷ್ಟರ ಮಟ್ಟಿಗೆ ಪಾಲಿಸುತ್ತಿದ್ದಾರೆಂದು ಅಳೆಯುವ ಮೌಲ್ಯಮಾಪಕರಾದ ಚನ್ನಕೇಶವ ಅವರು ಊರಿಗೆ ಬಂದರು. ಎರಡೂ ಕಡೆಯ ರಿಜಿಸ್ಟರುಗಳನ್ನು ಆವುಲಪ್ಪನ ಜಗಲಿಯ ಮೇಲೆಯೇ ಕೂತು ತಪಾಸಣೆ ಮಾಡಿದರು. ಇಬ್ಬರಿಗೂ ನೂರಕ್ಕೆ ನೂರು ಅಂಕ ಕೊಟ್ಟರು. ಕಲ್ಲಪ್ಪನಪಲ್ಲಿಯಲ್ಲಿ ಒಬ್ಬ ರೋಗಿಯ ಚಿಕಿತ್ಸೆಯಲ್ಲಿಯೂ ಲೋಪವಾಗಿರಲಿಲ್ಲ, ಏಕೆಂದರೆ ಒಬ್ಬ ರೋಗಿಯೂ ಇರಲಿಲ್ಲ.

ಶ್ಯಾಮಲಮ್ಮ ಕಂಬಳಿಯ ಕಡೆ ಕೈ ತೋರಿಸಿದಳು. "ಹಂಗಾದ್ರೆ ಇವ್ನು ಯಾರು ಸಾಮಿ?"

ಚನ್ನಕೇಶವ ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇವರು ರೋಗಿಯಲ್ಲಮ್ಮ. ಕೆಮ್ಮುವ ವ್ಯಕ್ತಿ."

"ಸತ್ತೋದ್ರೆ?"

"ಕೆಮ್ಮು ನಿಂತ ವ್ಯಕ್ತಿ" ಎಂದು ಅವರು ಪಟ್ಟಿ ನೋಡಿ ಹೇಳಿದರು.

ಅಂದು ರಾತ್ರಿ ಶ್ಯಾಮಲಮ್ಮ ಉಣ್ಣಲಿಲ್ಲ. ಬೆಳಿಗ್ಗೆ ಎದ್ದು ಗಂಡನ ಸೊಂಟಕ್ಕೆ ಹಳೆ ಸೀರೆ ಕಟ್ಟಿ, ಇನ್ನೊಂದು ತುದಿಯನ್ನು ಜಗಲಿಯ ಕಂಬಕ್ಕೆ ಬಿಗಿದಳು. ಎದುರು ಮನೆಯ ಚೆನ್ನಮ್ಮನ ಹತ್ತಿರ ಹೋಗಿ, ಹದಿನಾಲ್ಕು ದಿನಕ್ಕೆ ಅವರ ಕಕ್ಕಸು ಕೇಳಿದಳು. ಅದು ಪೂರ್ತಿ ತಮಿಳುನಾಡಿನಲ್ಲಿತ್ತು.

"ನನ್ನೇನು ಹಸ ಅನ್ಕಂಡಾ?" ಎಂದ ಆವುಲಪ್ಪ.

"ಹಸ ಆಗಿದ್ರೆ ಇಷ್ಟೊತ್ಗೆ ವಾಸಿ ಆಗಿರ್ತಿತ್ತು. ಸುಮ್ನೆ ಕೂತ್ಕ. ಕೆಮ್ಮು ಬಂದ್ರೆ ರೋಡ್ ಕಡೆ ತಿರುಕ್ಕೊಂಡು ಕೆಮ್ಮು."

ಹದಿನಾಲ್ಕು ದಿನ ಅವಳು ಅವನನ್ನು ಕಣ್ಣಳತೆಯಿಂದಾಚೆ ಬಿಡಲಿಲ್ಲ. ಅವನು ಕಕ್ಕಸಿಗೆ ಹೊರಟರೆ ಸೀರೆಯ ತುದಿ ಹಿಡಿದು ಜೊತೆಗೇ ನಡೆದಳು. ಪಕ್ಕದಲ್ಲಿಯೇ ಚಾಪೆ ಹಾಸಿ ಮಲಗಿದಳು. ಒಂದು ನಸುಕಿನಲ್ಲಿ ಅವನು, "ಕಸಿ ಕಟ್ಟೋ ಕಾಲ ಕಳ್ದೋಯ್ತಾ ಐತೆ" ಎಂದು ಅತ್ತ. ಅವಳು ಬೆನ್ನು ಸವರುತ್ತಾ, "ಅಳು, ಆದ್ರೆ ಆ ಕಡೆ ತಿರುಗ್ಬೇಡ" ಎಂದಳು.

ಹದಿನೈದನೆಯ ದಿನ ವರಲಕ್ಷ್ಮಿಯವರು ಪುಟ್ಟ ಡಬ್ಬಿಯೊಂದಿಗೆ ಓಡಿಬಂದರು. ಕಫ ಹೋಯಿತು, ಫಲಿತಾಂಶ ಬಂತು. ಕ್ಷಯವೇ. ಆವುಲಪ್ಪ ರೋಗಿಯಾದ. ಅವನ ಹೆಸರು ರಿಜಿಸ್ಟರಿನಲ್ಲಿ ಬಿದ್ದ ದಿನ, ಊರಿನವರು ಪರೀಕ್ಷೆ ಪಾಸಾದವನನ್ನು ನೋಡುವಂತೆ ಬಂದು ನೋಡಿದರು. ತೂಕ ಮೂವತ್ತೆಂಟು ಕಿಲೋ ಇತ್ತು. ಆರು ತಿಂಗಳು ಮಾತ್ರೆ ನುಂಗಬೇಕು, ನುಂಗುವುದನ್ನು ಕಾರ್ಯಕರ್ತೆ ಕಣ್ಣಾರೆ ನೋಡಬೇಕು. ಮಾತ್ರೆ ಈ ಕಡೆಯದು, ನೀರಿನ ಕೊಡ ಅಡುಗೆಮನೆಯದು, ಅಂದರೆ ಆ ಕಡೆಯದು. ನೀರಿನ ವಿಷಯವನ್ನು ಎರಡು ರಾಜ್ಯಗಳ ನಡುವೆ ಎತ್ತುವುದು ಬೇಡವೆಂದು ಉಪಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು. ಅದು ತೆಗೆದುಕೊಂಡ ತೀರ್ಮಾನಗಳಲ್ಲಿ ಇದೊಂದೇ ಐದು ನಿಮಿಷದಲ್ಲಿ ಮುಗಿದದ್ದು.

ಎರಡು ತಿಂಗಳಲ್ಲಿ ಜ್ವರ ನಿಂತು, ಪಂಚೆ ಸೊಂಟದಲ್ಲಿ ನಿಂತಿತು. ಮೇಸ್ತ್ರಿಯೇ ಹೇಳಿಕಳಿಸಿದ. ಆವುಲಪ್ಪ ಅರ್ಧ ದಿನ ತೋಟಕ್ಕೆ ಹೋಗತೊಡಗಿದ.

ಆದರೆ ಸುತ್ತಲಿನ ಗಡಿ ಊರುಗಳ ಜನ ಈ ಪ್ರಕರಣವನ್ನು ಗಮನಿಸುತ್ತಲೇ ಇದ್ದರು. ಅಲ್ಲಿ ಕೆಲವರ ಕಣ ಈ ಕಡೆ, ಕೊಟ್ಟಿಗೆ ಆ ಕಡೆ. ಕೆಲವರು ಈ ಕಡೆ ಉಂಡು ಆ ಕಡೆ ಕಾವಲು ಮಲಗುತ್ತಿದ್ದರು. ಎರಡು ರಾಜ್ಯಗಳೂ ಅಳೆದು ಸಹಿ ಹಾಕಿದ, ತಕರಾರಿಲ್ಲದೆ ಕೆಮ್ಮಬಹುದಾದ ಜಾಗವೆಂದರೆ ಆವುಲಪ್ಪನ ಜಗಲಿಯೊಂದೇ. ಮೊದಲು ಮುನಿಕೃಷ್ಣಪ್ಪನೆಂಬ ಮುದುಕ ಕಂಬಳಿ, ಬುತ್ತಿಯೊಂದಿಗೆ ಬಂದು, "ಹದಿನಾಲ್ಕು ದಿನ ಇಲ್ಲಿ ಕೆಮ್ಕಂಡು ಹೋಗ್ತೀನಪ್ಪ" ಎಂದ. ಆಮೇಲೆ ಇಬ್ಬರು ಬಂದರು, ಆಮೇಲೆ ಏಳು ಜನ. ವರಲಕ್ಷ್ಮಿಯವರಿಗೂ ಅನುಕೂಲವಾಯಿತು, ಒಂದೇ ಕಡೆ ನಿಂತು ಎಲ್ಲರ ಕೆಮ್ಮಿಗೂ ಗುರುತು ಹಾಕಬಹುದು. ಸೋಂಕು ಹರಡೀತೆಂದು ಅವರು ಒಮ್ಮೆ ಮೇಲಿನವರಿಗೆ ಬರೆದರು. 'ಮುಖಗವುಸು ಧರಿಸಲು ಸೂಚಿಸಿ, ಆದರೆ ಕೆಮ್ಮು ಕೇಳಿಸುವಂತಿರಲಿ' ಎಂದು ಉತ್ತರ ಬಂತು. ಮಾದರಿ ಕೇಂದ್ರವೆಂದು ಗೋಡೆಗೆ ಹಸಿರು ಬೋರ್ಡು ಹಾಕಲಾಯಿತು. ಹೊಸಬರು ಬಂದಾಗ ಆವುಲಪ್ಪ ಸೌಜನ್ಯದಿಂದ ಗೆರೆ ತೋರಿಸಿ, ಯಾವ ಕಡೆ ಬಾಯಿ ಮಾಡಬೇಕೆಂದು ತಿಳಿಸುತ್ತಿದ್ದ.

ಫಾಲ್ಗುಣದ ಒಂದು ಬೆಳಿಗ್ಗೆ ಶ್ಯಾಮಲಮ್ಮ ಒಲೆಯ ಮುಂದೆ ಕೂತು ಮುದ್ದೆಗೆ ಎಸರಿಟ್ಟಿದ್ದಳು. ಕೆಮ್ಮು ಬಂತು. ಹೊಗೆಯಿರಬೇಕೆಂದು ಸುಮ್ಮನಾದಳು. ಮತ್ತೆ ಬಂತು, ಈ ಸಲ ಎದೆಯ ಆಳದಿಂದ. ಒಲೆಯ ಸೌದೆ ಹಿಂದಕ್ಕೆಳೆದು, ಸೆರಗಿನಲ್ಲಿ ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ಉಸಿರು ಹಿಡಿದು, ಬಿಳಿ ಗೆರೆ ದಾಟಿ ಜಗಲಿಗೆ ಬಂದಳು. ಸಾಲಿನಲ್ಲಿದ್ದವರು ಸರಿದು ಜಾಗ ಕೊಟ್ಟರು. ಅವಳು ಕೂತು, ರಸ್ತೆಯ ಕಡೆ ತಿರುಗಿ, ಸೆರಗು ತೆಗೆದು ಸಮಾಧಾನವಾಗಿ ಕೆಮ್ಮಿದಳು.

ವರಲಕ್ಷ್ಮಿಯವರು ಪೆನ್ನು ಹಿಡಿದು ಅವಳ ಮುಖ ನೋಡುತ್ತಾ ನಿಂತರು.

"ಮೊದಲ್ನೇ ಎಲ್ಡು ಅಡುಗೆಮನೇಲಿ ಆದ್ವು" ಎಂದಳು ಶ್ಯಾಮಲಮ್ಮ. "ಅವನ್ನ ಬುಟ್ಬುಡಿ ಸಿಸ್ಟರಮ್ಮ. ಇದ್ರಿಂದ ಬರ್ಕೊಳ್ಳಿ."